ನಂಬರಿಲ್ಲದ ಕೆಂಪು ಕಟ್ಟು

ಕಾಗದ ಹುಡುಕುವುದರಲ್ಲಿ ತನ್ನನ್ನು ಮೀರಿಸುವವನು ಚಿತ್ರದುರ್ಗದ ಸೀಮೆಯಲ್ಲೇ ಹುಟ್ಟಿಲ್ಲ, ಹುಟ್ಟಿದ್ದರೆ ಅವನ ಜನನ ಪತ್ರವನ್ನೂ ತಾನೇ ಹುಡುಕಿಕೊಟ್ಟಿರುತ್ತಿದ್ದೆ ಎನ್ನುತ್ತಿದ್ದ ಕಾಟಯ್ಯ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ನಾಲ್ಕು ವರ್ಷ ಧೂಳು ಕುಡಿದವನು. ಅವನೊಮ್ಮೆ ಸೀನಿದರೆ ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಮೋಡ ಕವಿದು, ಹೆಂಗಸರು ಒಣಹಾಕಿದ ಹಪ್ಪಳ ಎತ್ತಿಡುತ್ತಿದ್ದರಂತೆ.

ಯಾರನ್ನೂ ಅವನು ಕಾಗದದ ನಂಬರು ಕೇಳುತ್ತಿರಲಿಲ್ಲ. ಬಂದವರನ್ನು ಕೂರಿಸಿ ಯಾರ ಮಗ, ಅಣ್ಣತಮ್ಮಂದಿರು ಯಾವಾಗ ಬೇರೆಯಾದರು, ಆ ವರ್ಷ ಮಳೆ ಹೇಗಿತ್ತು ಎಂದು ವಿಚಾರಿಸಿ, ಬಾಯಿಯ ಎಲೆಅಡಿಕೆ ಮುಗಿಯುವುದರೊಳಗೆ ಕಟ್ಟು ತಂದಿಡುತ್ತಿದ್ದ. ಕಟ್ಟುಗಳ ಮೇಲೆ ನಂಬರು ಬರೆಯಿರಿ ಎಂದು ಬಂದ ಸುತ್ತೋಲೆಗಳನ್ನೂ ಒಂದು ಕಟ್ಟು ಮಾಡಿಟ್ಟಿದ್ದ, ನಂಬರಿಲ್ಲದೆ. ಬರೆದರೆ ಯಾರು ಬೇಕಾದರೂ ಹುಡುಕುತ್ತಾರೆ, ಆಮೇಲೆ ಕಾಟಯ್ಯನನ್ನು ಕರೆಯುವವರು ಯಾರು?

ಅವನು ನಿವೃತ್ತನಾದ ಮೇಲೆ ಕಾಗದವೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿಗೆ ಹೋಯಿತು. ಕಟ್ಟುಗಳು ಎಲ್ಲೋ ಉಗ್ರಾಣ ಸೇರಿದವು.

ಹಾಲುರಾಮೇಶ್ವರದ ಕಡೆಯ ದ್ಯಾಮಮ್ಮನಿಗೆ ಗಂಡನ ವಿಭಾಗ ಪತ್ರದ ನಕಲು ಬೇಕಿತ್ತು. ಗಂಡ ತೀರಿಹೋಗಿದ್ದ, ಎರಡೆಕರೆ ಹೊಲ ತನ್ನದೆಂದು ಮೈದುನ ತಕರಾರು ಹಾಕಿದ್ದ. ಸೋಮವಾರ ವಿಚಾರಣೆ. ನಂಬರು ಗೊತ್ತಿಲ್ಲದೆ ಮೂರು ಸಲ ಕಚೇರಿಯಿಂದ ಬರಿಗೈಲಿ ಹೋದವಳು ಶುಕ್ರವಾರ ಕಾಟಯ್ಯನನ್ನೇ ಮನೆಯಿಂದ ಎಬ್ಬಿಸಿಕೊಂಡು ಬಂದಳು.

ಕೌಂಟರಿನಲ್ಲಿ ಸುಮಿತ್ರಾ ಕೂತಿದ್ದಳು. ಪರದೆಯ ಮೇಲೆ ನಂಬರಿಗೊಂದು, ವರ್ಷಕ್ಕೊಂದು ಖಾನೆ. ಎರಡೂ ತುಂಬದಿದ್ದರೆ ಹುಡುಕುವ ಗುಂಡಿ ಮಿಸುಕುವುದಿಲ್ಲ. ಕಾಟಯ್ಯ ಕಣ್ಣು ಮುಚ್ಚಿ ಶುರುಮಾಡಿದ: ಕಿಟಕಿ ಪಕ್ಕದ ಬೀರು, ಕೆಳಗಿನ ಅರೆ, ಕೆಂಪು ಬಟ್ಟೆ, ಇಲಿ ಕಡಿದ ಮೂಲೆ. ಸುಮಿತ್ರಾ ಪೂರ್ತಿ ಕೇಳಿಸಿಕೊಂಡಳು.

“ಕೆಂಪು ಬಟ್ಟೆ ತುಂಬಾಕೆ ಇದ್ರಾಗೆ ಜಾಗ ಇಲ್ಲ ಕಾಟಣ್ಣ.”

ಆದರೂ ಪಾಪ, ನಂಬರಿನ ಜಾಗಕ್ಕೆ ಸೊನ್ನೆ ಹಾಕಿ ಒಂದೊಂದೇ ವರ್ಷ ಒತ್ತಿ ನೋಡಿದಳು. ಪ್ರತಿ ಸಲವೂ ‘ದಾಖಲೆ ಕಂಡುಬಂದಿಲ್ಲ’. ಕೊನೆಗೆ ಗೊತ್ತಾಯಿತು, ನಂಬರಿಲ್ಲದ ಕಟ್ಟುಗಳೆಲ್ಲ ‘ಇತರೆ’ ಎಂಬ ಒಂದೇ ತಲೆಬರಹದ ಕೆಳಗೆ ಬಿದ್ದಿದ್ದವು. ಎರಡು ಲಕ್ಷ ಪುಟ. ಒಂದೊಂದೇ ತೆರೆಯುತ್ತ ಹೋದರೆ ದ್ಯಾಮಮ್ಮನ ಮರಿಮಗನ ಮದುವೆಗೆ ಸಿಕ್ಕೀತು. ಕಾಟಯ್ಯ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದ. ಧೂಳಿನ ವಾಸನೆಯೂ ಇರಲಿಲ್ಲ.

“ನಿಂಗೆ ಗೊತ್ತೈತಲ್ಲಣ್ಣ, ಅಷ್ಟು ಸಾಲದಾ?” ಎಂದಳು ದ್ಯಾಮಮ್ಮ.

ಕಾಟಯ್ಯ ಅವಳ ಕಡೆ ನೋಡದೆ ಟವೆಲು ಹೆಗಲಿನಿಂದ ಹೆಗಲಿಗೆ ಬದಲಾಯಿಸಿದ. ಸದ್ದು ಕೇಳಿ ಒಳಗಿನಿಂದ ಶಿರಸ್ತೇದಾರ ರಾಜಶೇಖರ್ ಬಂದರು.

“ಅವಾಗ್ಲೇ ಒಂದ್ ನಂಬರ್ ಗೀಚಿದ್ರೆ ಕೈ ಸವೀತಿತ್ತಾ ಕಾಟಯ್ಯ? ನಂಬರ್ ಕೊಟ್ ನೋಡ್ರಿ, ನಮ್ ಸಿಸ್ಟಮ್ಮು ಒಂದೇ ಸೆಕೆಂಡಿನಾಗೆ ತೆಗೀತೈತೆ.”

“ತಪ್ಪು ನಂದೇ ಸಾರ್,” ಎಂದ ಕಾಟಯ್ಯ. “ಆದ್ರೆ ನಂಬರ್ ಗೊತ್ತಿರೋರಿಗೆ ತೆಗ್ದು ಕೊಡೋದೇನು ದೊಡ್ಡದು? ನಾನು ಗೊತ್ತಿಲ್ದೋರಿಗೆ ತೆಗ್ದು ಕೊಡ್ತಿದ್ದೆ.”