ನಿರ್ಮಲಮ್ಮನ ಗಾಜಿನ ತೊಟ್ಟಿ

ನಾಲ್ಕು ಸಲ ಮೊಟ್ಟೆ ಇಟ್ಟರೂ ಆ ಜೋಡಿ ಮೀನುಗಳಿಗೆ ಒಂದು ಮರಿಯೂ ದಕ್ಕಲಿಲ್ಲ. ನಾಲ್ಕು ಸಲವೂ ಬಸವನಹುಳುಗಳು ಎಲೆ ಹತ್ತಿ ಮೊಟ್ಟೆ ಮುಗಿಸಿದ್ದವು. ಐದನೆಯ ಸಲ, ಒಂದು ಸೋಮವಾರ, ಅಗಲವಾದ ಎಲೆಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಸಾಲು ಕಂಡಾಗ ನಿರ್ಮಲಮ್ಮ ಗಂಡನನ್ನು ಕರೆದು ಹೇಳಿದಳು: "ಈ ಸಲ ಒಂದ್ ಮರಿನಾದ್ರೂ ಉಳೀಬೇಕು. ಯಾರೂ ಈ ನೀರ್ಗೆ ಕೈ ಹಾಕ್ಬ್ಯಾಡಿ."

ಸೋಮಂದೇಪಲ್ಲಿಯಿಂದ ಹಿಂದೂಪುರದ ಹುಣಸೆ ಮಂಡಿ ಮನೆಗೆ ಹತ್ತೊಂಬತ್ತನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು ಅವಳು. ಮೂವತ್ತೊಂದು ವರ್ಷ ಹಣ್ಣು ತಂದ ರೈತರಿಗೆಲ್ಲ ಅಡುಗೆ ಮಾಡಿ ಬಡಿಸಿದಳು. ತನಗೆಂದು ಬಾಯಿಬಿಟ್ಟು ಏನೂ ಕೇಳಿದವಳಲ್ಲ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಮೀನಿನ ತೊಟ್ಟಿ ನೋಡಿದ ದಿನ ಮಾತ್ರ, "ನಂಗೂ ಇಂಥದ್ದೊಂದು ಬೇಕು" ಅಂದಳು. ತೊಟ್ಟಿ ಬಂತು. ಅಂಗಡಿಯ ನೀರುಗಿಡಕ್ಕೆ ಅಂಟಿಕೊಂಡು ಹುಳುವೂ ಬಂತು.

ಸಂಜೆ ಒಂದು ಬಿಲ್ಲೆ ಸೌತೆಕಾಯಿ ನೀರಿಗೆ ಇಳಿಬಿಟ್ಟು, ಬೆಳಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಮೇತ ಎತ್ತುತ್ತಿದ್ದಳು. ಅವು ಹುಣಸೆ ಬಿಡಿಸಲು ಬರುವ ಬೀರಕ್ಕನ ಕೋಳಿಗಳ ಪಾಲು. "ನಮ್ ಕೋಳಿ ಕೊಬ್ಬಿ ಗೂಡ್ನಲ್ಲಿ ಹಿಡಿಸ್ತಿಲ್ಲ ಕಣಮ್ಮ" ಎಂದು ಬೀರಕ್ಕ ನಗುತ್ತಿದ್ದಳು.

ಎಷ್ಟು ಎತ್ತಿದರೂ ಹುಳು ತಗ್ಗಲಿಲ್ಲ. ಕಾರಣ ನಿರ್ಮಲಮ್ಮನಿಗೆ ಗೊತ್ತಿತ್ತು. ಇನ್ನೊಂದು ಜೀವಕ್ಕೆ ಉಣಿಸದೆ ತಾನು ಉಣ್ಣಬಾರದು ಎಂಬುದು ಗಂಡ ಮರುಳಪ್ಪನ ನೇಮ. ತೊಟ್ಟಿ ಬಂದ ಮೇಲೆ ನಡುಮನೆಯಲ್ಲೇ ನಿಂತು ಮೀನಿಗೆ ಅನ್ನ ಹಾಕಿ ಪುಣ್ಯ ಕಟ್ಟಿಕೊಳ್ಳತೊಡಗಿದ್ದ. ಮೀನು ತಿಂದು ಬಿಟ್ಟ ಅನ್ನದಗುಳು ತಳದಲ್ಲಿ ಕೊಳೆತು ಹುಳುವಿಗೆ ದಿನವೂ ಹಬ್ಬ. ಬೇಡವೆಂದರೆ, "ತಿನ್ನೋ ಬಾಯ್ಗೆ ಅಡ್ಡ ಬರ್ತಾರೇನೆ?" ಎಂದು ಇವಳನ್ನೇ ಪಾಪಿ ಮಾಡುತ್ತಿದ್ದ.

ಮಂಗಳವಾರ ಕಲ್ಯಾಣದುರ್ಗದಿಂದ ಮೈದುನ ಕೊಟ್ರೇಶ್ ಬಂದ. ದಾಳಿಂಬೆ ತೋಟದವನು. ಗಿಡಕ್ಕೆ ಹೊಡೆಯಲು ಪೇಟೆಯಲ್ಲಿ ಕೊಂಡ ನೀಲಿ ಹರಳಿನ ಮೈಲುತುತ್ತ ಅವನ ಚೀಲದಲ್ಲೇ ಇತ್ತು.

"ಇದೊಂದ್ ಹಿಡಿ ಹಾಕತ್ಗೆ. ಹುಳ ಅನ್ನೀ ಐಪೋತಾಯಿ. ಒಂದೂ ಉಳಿಯಲ್ಲ."

"ಮೀನೂ ಉಳಿಯಲ್ಲ. ಮುಟ್ಬ್ಯಾಡಪ್ಪ."

"ನಾಲ್ಕೆಕರೆಗೆ ಔಷ್ದಿ ಹೊಡಿಯೋನ್ಗೆ ನೀನ್ ಹೇಳ್ಕೊಡ್ತೀಯಾ?"

ನಿರ್ಮಲಮ್ಮ ಸ್ನಾನ ಮುಗಿಸಿ ಬರುವಷ್ಟರಲ್ಲಿ ನೀರು ತಿಳಿನೀಲಿಯಾಗಿತ್ತು. ಹುಳುಗಳು ಗಾಜಿನಿಂದ ಕಳಚಿ ಉದುರುತ್ತಿದ್ದವು. ಎರಡೂ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಅವಳು ಕೂಗಾಡಲಿಲ್ಲ, ಅದಕ್ಕೆ ಪುರುಸೊತ್ತೇ ಇರಲಿಲ್ಲ. ಹಿಂದಿನ ದಿನ ಹಿಡಿದಿಟ್ಟ ನೀರಿನ ಬಕೆಟ್ಟಿಗೆ ಮೀನುಗಳನ್ನು ಬಿಟ್ಟಳು. ಮೊಟ್ಟೆಯ ಎಲೆಯನ್ನು ಕತ್ತರಿಸಿ ಸ್ಟೀಲ್ ಬೋಗುಣಿಯಲ್ಲಿ ಇಟ್ಟಳು.

"ನಾನೇ ಹೂಂ ಅಂದೆ ಕಣೆ," ಎಂದ ಮರುಳಪ್ಪ. "ದಿನಾ ನಿನ್ ಪಾಡು ನೋಡಕ್ಕಾಗ್ದೆ..."

ಬುಧವಾರ ಬೆಳಗ್ಗೆ ಹೆಣ್ಣು ಮೀನು ತೇಲುತ್ತಿತ್ತು. ಮೊಟ್ಟೆಗಳೆಲ್ಲ ಸುಣ್ಣದಂತೆ ಬೆಳ್ಳಗಾಗಿದ್ದವು. ತೊಟ್ಟಿಯಿಂದ ಸತ್ತ ಹುಳುಗಳ ನಾತ ಬೀದಿಬಾಗಿಲವರೆಗೂ ಹೊಡೆಯುತ್ತಿತ್ತು. ಕೊಟ್ರೇಶ್ ಚೀಲ ಹೆಗಲಿಗೇರಿಸಿದ. "ಹೊಸ ಜೋಡಿ ತಂದ್ಕೊಡ್ತೀನಿ ಬುಡತ್ಗೆ. ಬಸ್ಸಿಗೆ ಹೊತ್ತಾಯ್ತು, ಹೋಯ್ತೀನಿ."

"ಚೀಲ ಇಳ್ಸು."

ಆ ದನಿ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹೊರಗೆ ಹುಣಸೆ ಕುಟ್ಟುತ್ತಿದ್ದ ಸದ್ದೂ ನಿಂತಿತು.

"ಮುಟ್ಬ್ಯಾಡ ಅಂದೆ. ತೆಲುಗಲ್ಲಿ ಹೇಳ್ಬೇಕಿತ್ತಾ? ಮೂವತ್ತೊಂದು ವರ್ಷ ಈ ಮನೇಲಿ ಉಪ್ಪು ಎಷ್ಟು ಅಂತ ನನ್ನ ಕೇಳ್ತೀರಿ, ನನ್ ತೊಟ್ಟಿ ಬಗ್ಗೆ ನನ್ನ ಕೇಳಕ್ಕೆ ಏನಾಗಿತ್ತು?" ಗಂಡನತ್ತ ತಿರುಗಿದಳು. "ಆ ಹುಳ ಸಾಕ್ದೋರು ನೀವು. ಕೊಂದೋರೂ ನೀವೇ. ಮಧ್ಯದಲ್ಲಿ ಹೋಗಿದ್ದು ನನ್ ಮೀನು."

ಅವಳು ಖಾಲಿ ತಟ್ಟೆಯೊಂದನ್ನು ಇಬ್ಬರ ಮುಂದೆ ಇಟ್ಟಳು.

"ಕೂತ್ಕೊಳ್ಳಿ. ಕೈ ಹಾಕಿ. ಸತ್ತ ಹುಳಾನೆಲ್ಲ ಒಂದೊಂದಾಗಿ ಆರಿಸಿ ತೆಗೀರಿ."

ಮಂಡಿಯ ಯಜಮಾನ ಪಂಚೆ ಎತ್ತಿಕಟ್ಟಿ ಕೂತ. ನಾಲ್ಕೆಕರೆಯ ತೋಟದವನು ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ಕೂತ. ಮಿಕ್ಕ ಗಂಡು ಮೀನಿನ ಬಕೆಟ್ಟನ್ನು ಕಾಲ ಬಳಿ ಇಟ್ಟುಕೊಂಡು ನಿರ್ಮಲಮ್ಮ ನಿಂತೇ ಇದ್ದಳು.

"ಆ ಕಲ್ಲಿನ ಅಡೀಲಿ ಇನ್ನೊಂದೈತೆ," ಅಂದಳು. "ತೆಗೀರಿ."