ಸೇಜ್‌ಬ್ರಷ್ ಬಯಲಿನ ದವನ

ಅಪ್ಪ ಹೋದ ಮೇಲೆ ಅವ್ವ ಹೂ ಮುಡಿಯುವುದನ್ನು ಬಿಟ್ಟಳು. ಯಾರೂ ಬಲವಂತ ಮಾಡಿದ್ದಲ್ಲ, ತಾನೇ ಬಿಟ್ಟದ್ದು. ನನಗೋ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಧಾರವಾಡದಿಂದ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಗೆ ಬಂದವಳ ಮುಂದೆ ದಿನಾ ಭಾಷಣ ಬಿಗಿಯುತ್ತಿದ್ದೆ. “ಈ ಕಾಲದಾಗ ಹೂ ಮುಡದ್ರ ಯಾರೂ ಏನೂ ಅನ್ನೂದಿಲ್ಲ ಅವ್ವಾ!” ಅವಳು ಸೊಪ್ಪು ಸೋಸುತ್ತ ಕೂತಿರುತ್ತಿದ್ದಳು.

ಜೂನ್‌ನಲ್ಲಿ ಅವಳಿಗೆ ಪಶ್ಚಿಮದ ವಯೋಮಿಂಗ್ ರಾಜ್ಯದ ಬಯಲು ತೋರಿಸಲು ನಾನೂ ನನ್ನ ಗಂಡನೂ ಹೊರಟೆವು. ನ್ಯೂವಾರ್ಕ್‌ನಿಂದ ವಿಮಾನ, ಆಮೇಲೆ ಬಾಡಿಗೆ ಕಾರು. ನ್ಯೂಜೆರ್ಸಿಯ ದಟ್ಟ ಹಸಿರಿಗೆ ಒಗ್ಗಿದ ನನ್ನ ಕಣ್ಣಿಗೆ ಆ ಬಯಲಿನಲ್ಲಿ ಮೊದಲು ಏನೂ ಕಾಣಲಿಲ್ಲ. ಮೊಣಕಾಲೆತ್ತರದ ಬೂದುಬಣ್ಣದ ಸೇಜ್‌ಬ್ರಷ್ ಗಿಡಗಳು, ಆಕಾಶ, ಮತ್ತೆ ಅದೇ ಗಿಡಗಳು. ಗಂಡ ರಸ್ತೆ ಪಕ್ಕ ಕಾರು ನಿಲ್ಲಿಸಿದ. ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಒಂದೊಂದೇ ಹೂ ಕಣ್ಣಿಗೆ ಬೀಳತೊಡಗಿತು. ಗಿಡದ ಬುಡದಲ್ಲಿ ನೀಲಿ ತೆನೆ, ಅದರಾಚೆ ಕುಂಕುಮದ ಭರಣಿ ಚೆಲ್ಲಿದಂಥ ಕೆಂಪು, ನೆಲಕ್ಕೇ ಅಂಟಿಕೊಂಡ ಪುಟ್ಟ ಹಳದಿ. ಗಾಳಿ ಬೀಸಿದಾಗ ಇಡೀ ಬಯಲು ನಿಧಾನವಾಗಿ ಮಗ್ಗುಲು ಬದಲಿಸುತ್ತಿತ್ತು. ಎಷ್ಟು ಹೊತ್ತು ನಿಂತೆನೋ, ಅಂದು ಯಾವ ವಾರವೆಂಬುದೂ ಮರೆತುಹೋಗಿತ್ತು.

ಆ ಗುಂಗಿನಲ್ಲೇ ಒಂದು ನೀಲಿ ತೆನೆ ಕಿತ್ತು, ಒಂದು ಮಾತೂ ಕೇಳದೆ, ಹಿಂದಿನಿಂದ ಅವ್ವನ ತುರುಬಿಗೆ ಸಿಕ್ಕಿಸಿಬಿಟ್ಟೆ. ಅವಳು ಕೈ ಹಿಂದೆ ಹಾಕಿ ಅದನ್ನು ತೆಗೆದಳು, ಮೆತ್ತಗೆ ಒಂದು ಕಲ್ಲಿನ ಮೇಲಿಟ್ಟಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನಾಚಿಕೆಯಾಗಿ ನಾನು ದೂರ ಹೋಗಿ ನಿಂತೆ.

ಅವಳೊಬ್ಬಳೇ ಗಿಡಗಳ ನಡುವೆ ನಡೆದಳು. ಸೆರಗಿಗೆ ತಾಕಿದ ಒಂದು ಬೂದು ಕುಡಿಯನ್ನು ಚಿವುಟಿ, ಅಂಗೈಯಲ್ಲಿ ತಿಕ್ಕಿ ಮೂಸಿದಳು. ಮತ್ತೊಮ್ಮೆ ಮೂಸಿದಳು.

“ಇಲ್ಲಿ ಬಾ. ದವನದ ವಾಸನಿ ಬರ್ಲಿಕ್ಕತ್ತದ ನೋಡು.”

ಹೋಗಿ ಮೂಸಿದೆ. ಪೂರ್ತಿ ದವನವಲ್ಲ. ತುಸು ಕರ್ಪೂರ, ತುಸು ಕಹಿ. ಆದರೆ ಅವ್ವ ಹೇಳಿದ್ದು ಸುಳ್ಳೂ ಅಲ್ಲ. ಅಪ್ಪ ಅವಳಿಗೆ ತರುತ್ತಿದ್ದ ಮಲ್ಲಿಗೆ ಮಾಲೆಯಲ್ಲಿ ಯಾವಾಗಲೂ ದವನ ಸೇರಿರುತ್ತಿತ್ತು.

ಅವ್ವ ಇನ್ನೊಂದು ಕುಡಿ ಚಿವುಟಿ, ಬೆರಳುಗಳ ನಡುವೆ ತಿರುಗಿಸಿದಳು. ಆಮೇಲೆ, ನನ್ನ ಮುಖ ನೋಡದೆ, ಅಪ್ಪಣೆ ಬೇಡುವವಳಂತೆ ಕೇಳಿದಳು:

“ಇದು ಹೂ ಅಲ್ಲಲ್ಲ? ಬರೇ ಎಲಿ, ಹೌದಿಲ್ಲೊ?”

“ಹೌದವ್ವಾ, ಬರೇ ಎಲಿ,” ಅಂದೆ. ಅವ್ವ ಕುಡಿಯನ್ನು ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ತಲೆ ಬಗ್ಗಿಸಿ ನಿಂತಳು.