ನವಿಲುಬಣ್ಣದ ಕುಂಬಳಕಾಯಿ, ಎಳ್ಳಿನ ಪೊಟ್ಟಣ

ಆ ವರ್ಷ ಹ್ಯಾಲೋವೀನ್‌ಗೆ ವೇಷ ಹಾಕಿಕೊಂಡು ಮನೆಮನೆಗೆ ಬರುವ ಮಕ್ಕಳಿಗೆ ಏನು ಕೊಡುವುದು ಎಂಬ ಮಾತು ನಮ್ಮ ಮನೆಯಲ್ಲಿ ದಸರಾ ಬೊಂಬೆಗಳನ್ನು ಎತ್ತಿಡುವ ಮೊದಲೇ ಶುರುವಾಗಿತ್ತು. ಶುರು ಮಾಡಿದ್ದು ಮಗಳು. ಕೋಕೋ ತೋಟಗಳಲ್ಲಿ ತನ್ನ ವಯಸ್ಸಿನ ಮಕ್ಕಳು ದುಡಿಯುತ್ತಾರೆಂದು ಶಾಲೆಯಲ್ಲಿ ಕೇಳಿಕೊಂಡು ಬಂದಿದ್ದಳು. ಅಂಗಡಿಯಲ್ಲಿ ನಾನು ತೆಗೆದುಕೊಂಡ ದೊಡ್ಡ ಚಾಕೊಲೇಟ್ ಚೀಲವನ್ನು ವಾಪಸ್ ಇಟ್ಟಳು. ಮಕ್ಕಳನ್ನು ದುಡಿಸದೆ ಮಾಡಿದ ಚಾಕೊಲೇಟೂ ಸಿಗುತ್ತಿತ್ತು. ಆದರೆ ಮಿಸೌರಿ ಸಿಟಿಯ ನಮ್ಮ ಬೀದಿಗೆ ಬರುವ ಮಕ್ಕಳಿಗೆಲ್ಲ ಅದನ್ನು ಹಂಚುವುದು ನಮ್ಮ ಕೈಲಾಗುವ ಮಾತಾಗಿರಲಿಲ್ಲ. ಕೊನೆಗೆ ಹಳೇ ಪೇಪರ್ ಸುತ್ತಿ ಮಾಡಿದ ಪೆನ್ಸಿಲ್‌ಗಳನ್ನು ತಂದೆವು. ಅಗ್ಗ. ಯಾರನ್ನೂ ನೋಯಿಸಿ ಮಾಡಿದ್ದಲ್ಲ.

ತಿನ್ನುವ ಪದಾರ್ಥ ಕೊಡದ ಮನೆಯವರು ಇಲ್ಲಿ ಒಂದು ಕುಂಬಳಕಾಯಿಗೆ ನವಿಲುಬಣ್ಣ ಬಳಿದು ಬಾಗಿಲ ಮುಂದೆ ಇಡುತ್ತಾರೆ. ಅಲರ್ಜಿ ಇರುವ ಮಕ್ಕಳ ತಂದೆತಾಯಿಗೆ ಅದು ಗುರುತು: ಈ ಮನೆಗೆ ನಿಮ್ಮ ಮಗುವನ್ನು ಧೈರ್ಯವಾಗಿ ಕಳಿಸಬಹುದು. ಮಗಳು ಹಟ ಮಾಡಿ ನಮ್ಮ ಬಾಗಿಲಿಗೂ ಅಂಥದ್ದೊಂದನ್ನು ಇಡಿಸಿದಳು.

ನನ್ನ ಅತ್ತೆ ಆಗ ಮೈಸೂರಿನಿಂದ ಬಂದಿದ್ದರು. ಕುಂಬಳಕಾಯಿ ಅವರಿಗೆ ಇಷ್ಟವಾಯಿತು. ತಮ್ಮ ಮದುವೆಯ ಸೀರೆಯ ಬಣ್ಣವೇ ಎಂದರು. ಪೆನ್ಸಿಲ್ ನೋಡಿ ಮಾತ್ರ ನಕ್ಕರು.

"ಮನೆಬಾಗಿಲಿಗೆ ಬಂದ ಮಗೂಗೆ ಪೆನ್ಸಿಲ್ ಕೊಟ್ಟು ಕಳಿಸ್ತೀಯೇನೇ? ಅವೇನು ಪರೀಕ್ಷೆ ಬರೆಯೋಕೆ ಬರ್ತಾವಾ?"

"ಅಜ್ಜಿ, ಇಟ್ಸ್ ಎಥಿಕಲ್," ಎಂದಳು ಮಗಳು.

"ನಮ್ಮೂರಲ್ಲಿ ಅದಕ್ಕೆ ಜಿಪುಣತನ ಅಂತಾರೆ, ಪುಟ್ಟಿ."

ಹ್ಯಾಲೋವೀನ್ ಸಂಜೆ ನನ್ನ ಗಂಡ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಆಫೀಸಿನಿಂದ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಮಗಳನ್ನು ಅಕ್ಕಪಕ್ಕದ ಮನೆಗಳಿಗೆ ಕರೆದುಕೊಂಡು ಹೋಗಿ ನಾನು ಬೇಗನೆ ವಾಪಸಾದೆ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅತ್ತೆಯ ತೊಡೆಯ ಮೇಲೆ ಸ್ಟೀಲ್ ಡಬ್ಬಿಯೊಂದು ತೆರೆದಿತ್ತು.

"ಒಂದು ಜೇನುಹುಳ ಬಂದಿತ್ತು ಕಣೇ, ರೆಕ್ಕೆ ಕಟ್ಕೊಂಡು. ಏನ್ ಮುದ್ದು ಅಂತೀಯ! ಪೆನ್ಸಿಲ್ ಕೊಡೋಕೆ ಮನಸ್ಸೇ ಬರ್ಲಿಲ್ಲ. ಎಳ್ಳಿನ ಪೊಟ್ಟಣ ಕೊಟ್ಟೆ."

ಸಂಕ್ರಾಂತಿಯ ಹೊತ್ತಿಗೆ ತಾವು ಇಲ್ಲಿರುವುದಿಲ್ಲ ಎಂದು ಅತ್ತೆ ಊರಿನಿಂದಲೇ ಎಳ್ಳುಬೆಲ್ಲ ಮಾಡಿ ತಂದಿದ್ದರು. ಮೊಮ್ಮಗಳ ಕೈಯಿಂದ ಒಮ್ಮೆಯಾದರೂ ಎಳ್ಳು ಬೀರಿಸಬೇಕೆಂಬ ಆಸೆ. ಮಕ್ಕಳು ಅಲಂಕಾರ ಮಾಡಿಕೊಂಡು ಮನೆಮನೆಗೆ ಬರುವುದನ್ನು ನೋಡಿ ಅವರ ಕೈ ತಾನಾಗಿ ಡಬ್ಬಿಗೆ ಹೋಗಿತ್ತು. ಅದರಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಎಳ್ಳು, ಕೊಬ್ಬರಿ, ಬೆಲ್ಲದ ಚೂರು, ಹುರಿಗಡಲೆ ಇದ್ದವು. ಅರ್ಧಕ್ಕರ್ಧ ಹುರಿದ ಕಡಲೆಕಾಯಿ ಬೀಜ.

"ಜೊತೇಲಿ ಯಾರಾದ್ರೂ ಇದ್ರಾ ಅತ್ತೆ?"

"ಅಪ್ಪ ಇರ್ಬೇಕು. ರಸ್ತೇಲೇ ನಿಂತ. ನಮ್ಮ ಕುಂಬಳಕಾಯಿ ಕಡೆ ಕೈ ತೋರಿಸಿ, ಹೋಗು ಅಂತ ಮಗೂನ ಒಬ್ಬಳನ್ನೇ ಕಳಿಸ್ದ."

ಡಬ್ಬಿಯಿಂದ ಒಂದು ಪೊಟ್ಟಣ ಎತ್ತಿ ಕಡಲೆಕಾಯಿ ಬೀಜಗಳನ್ನು ನೋಡಿದೆ.

"ತಿಂದಳಾ?"

"ಬಾಯಿಗೆ ಹಾಕ್ಕೋ ಅಂತ ಸನ್ನೆ ಮಾಡ್ದೆ. ತಿಂದಿರ್ತಾಳೆ. ಯಾಕೆ?"

ಕುಂಬಳಕಾಯಿಯ ಬಣ್ಣದ ಅರ್ಥವನ್ನು ಹೇಳಿದೆ. ಅತ್ತೆ ಡಬ್ಬಿಯ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಹಾಕಿದರು.

"ಕಡಲೆಕಾಯಿಂದ ಜೀವ ಹೋಗತ್ತಾ?"

"ಕೆಲವು ಮಕ್ಕಳಿಗೆ ಹೋಗಬಹುದು. ಇನ್ಯಾರಿಗೆ ಕೊಟ್ರಿ?"

"ಅವಳೊಬ್ಬಳಿಗೇ. ಅವಳು ಆ ಕಡೆ ತಿರುಗಿದ್ಲು, ನೀವು ಈ ಕಡೆಯಿಂದ ಬಂದ್ರಿ."

ನೀವು ಇಲ್ಲೇ ಇರಿ ಎಂದೆ. "ನೀನು ಅವಳನ್ನ ನೋಡಿದ್ದೀಯಾ? ನಾನು ನೋಡಿದೀನಿ," ಎಂದು ಎದ್ದು ಚಪ್ಪಲಿ ಮೆಟ್ಟಿದರು. ಮಗಳು ಒಂದಷ್ಟು ಪೆನ್ಸಿಲ್‌ಗಳನ್ನು ತನ್ನ ಚೀಲಕ್ಕೆ ಹಾಕಿಕೊಂಡು ಹಿಂದೆಯೇ ಓಡಿ ಬಂದಳು.

ಬೀದಿ ತುಂಬ ಮಕ್ಕಳು. ಅಸ್ಥಿಪಂಜರಗಳು, ರಾಣಿಯರು, ಗಗನಯಾತ್ರಿಗಳು. ಮೊದಲು ಸಿಕ್ಕ ಜೇನುಹುಳವನ್ನು ನೋಡಿ ಅತ್ತೆ ತಲೆಯಾಡಿಸಿದರು: "ಇದಲ್ಲ. ಅದರ ರೆಕ್ಕೇಲಿ ಜರಿ ಇತ್ತು." ಎದುರು ಬಂದ ಹೆಂಗಸೊಬ್ಬಳು ಅತ್ತೆಯ ಸೀರೆ ನೋಡಿ "ಲವ್ ಯುವರ್ ಕಾಸ್ಟ್ಯೂಮ್!" ಎಂದು ಕೈಬೀಸಿದಳು. ಅತ್ತೆ ಅಭ್ಯಾಸಬಲದಿಂದ ಅವಳಿಗೆ ಕೈಮುಗಿದು ಮುಂದೆ ನಡೆದರು. ಅವರ ಮಂಡಿ ನೋಯುತ್ತಿತ್ತು. ನಾನು ಓಡಿ ಮುಂದೆ ಹೋಗುವುದು, ಗುರುತು ಗೊತ್ತಿಲ್ಲದೆ ನಿಲ್ಲುವುದು, ಅವರಿಗಾಗಿ ಕಾಯುವುದು, ಹೀಗೇ ಆಯಿತು.

ತಿರುವಿನ ದೀಪದ ಕೆಳಗೆ, ರಸ್ತೆಯ ಅಂಚಿನಲ್ಲಿ, ಜರಿಯ ರೆಕ್ಕೆ ಕಂಡಿತು. ಅಪ್ಪ ಪಕ್ಕದಲ್ಲಿ ಬಕೆಟ್ ಸುರಿದುಕೊಂಡು ಒಂದೊಂದೇ ಮಿಠಾಯಿಯ ಲೇಬಲ್ ಓದುತ್ತಿದ್ದ. ಮಗು ಅವನಿಗೆ ಬೆನ್ನು ಮಾಡಿ ಕೂತು, ತಲೆ ತಗ್ಗಿಸಿ, ಏನನ್ನೋ ಹಲ್ಲಿನಲ್ಲಿ ಎಳೆಯುತ್ತಿತ್ತು.

"ಪೀನಟ್ಸ್!" ಎಂದು ಕೂಗಿದೆ.

ಅವನು ಪೊಟ್ಟಣ ಕಿತ್ತುಕೊಂಡ. ಇನ್ನೊಂದು ಕೈ ಆಗಲೇ ತನ್ನ ಸೊಂಟದ ಚೀಲದಲ್ಲಿತ್ತು, ಅಲರ್ಜಿಯ ಇಂಜೆಕ್ಷನ್ ಹಿಡಿದಿತ್ತು. ಪೊಟ್ಟಣವನ್ನು ದೀಪಕ್ಕೆ ಹಿಡಿದ. ಪ್ಲಾಸ್ಟಿಕ್ ಮೇಲೆ ಪುಟ್ಟ ಹಲ್ಲುಗಳ ಗುರುತು. ಎಳೆದ ಕಡೆ ಬೆಳ್ಳಗಾಗಿತ್ತು, ಹರಿದಿರಲಿಲ್ಲ. ಬಾಯಿಗೆ ಅತ್ತೆ ಹೂ ಕಟ್ಟುವ ದಾರವನ್ನು ಸುತ್ತಿ ಸುತ್ತಿ ಬಿಗಿದಿದ್ದರು. ಅವರು ಏನು ಕಟ್ಟಿದರೂ ಕತ್ತರಿಯಿಲ್ಲದೆ ಬಿಚ್ಚಲಾಗುವುದಿಲ್ಲ. ನಾವು ಅದನ್ನು ಯಾವಾಗಲೂ ಆಡಿಕೊಳ್ಳುತ್ತಿದ್ದೆವು.

"ಇಟ್ ವೋಂಟ್ ಓಪನ್," ಎಂದು ಮಗು ಅತ್ತಿತು.

ಅಪ್ಪ ಒದ್ದೆ ಟಿಶ್ಯೂನಿಂದ ಅದರ ಬಾಯಿ, ಕೈ ಒರೆಸಿದ. ನಾಲಿಗೆ ಚಾಚಿಸಿದ. ತುಟಿಯನ್ನೇ ನೋಡುತ್ತ ಕೂತ. ನಾವು ನಿಂತೇ ಇದ್ದೆವು. ನಾನು ಅವನಿಗೆ ನಡೆದದ್ದನ್ನು ಹೇಳಿದೆ, ಕ್ಷಮೆ ಕೇಳಿದೆ. ಬಹಳ ಹೊತ್ತಾದ ಮೇಲೆ ಅವನು, ಕೂಗದೆ, ಇಂಗ್ಲಿಷಿನಲ್ಲಿ ಹೇಳಿದ: "ಆ ಕುಂಬಳಕಾಯಿ ನೋಡಿ ಕಳಿಸಿದೆ."

ಮಗುವಿನ ತುಟಿ ಹಾಗೇ ಇತ್ತು. ಉಸಿರು ಸರಿಯಾಗಿತ್ತು. ಅದು ಪೊಟ್ಟಣಕ್ಕಾಗಿ ಮಾತ್ರ ಅಳುತ್ತಿತ್ತು.

ಬೀರಿದ ಎಳ್ಳನ್ನು ಯಾರೂ ವಾಪಸ್ ಕೇಳುವುದಿಲ್ಲ. ಅತ್ತೆ ಅಂಗೈ ಚಾಚಿದರು. ಅವನು ಪೊಟ್ಟಣವನ್ನು ಮೇಲಿನಿಂದ ಹಾಕಿದ. ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದರು.

"ಪುಟ್ಟೀ, ನಿನ್ ಚೀಲದಲ್ಲಿ ಪೆನ್ಸಿಲ್ ಇದೆಯೇನಮ್ಮ? ನೀನೇ ಕೊಡು. ನನ್ನ ಕೈ ಬೇಡ."

ಮಗಳು ಕೊಟ್ಟಳು. ಅಪ್ಪ ಅದನ್ನೂ ದೀಪಕ್ಕೆ ಹಿಡಿದು, ತಿರುಗಿಸಿ ನೋಡಿ, ಒರೆಸಿ, ಆಮೇಲೆ ಮಗುವಿನ ಕೈಗೆ ಕೊಟ್ಟ.

ವಾಪಸ್ ಬರುವಾಗ ಕತ್ತಲಾಗಿತ್ತು, ಅತ್ತೆ ಎಡವುತ್ತಿದ್ದರು. ಮಗಳು ಕೈ ಹಿಡಿಯಲು ಹೋದಳು. ಮನೆ ಸೇರಿ ಸೋಪು ಹಚ್ಚಿ ತೊಳೆಯುವವರೆಗೆ ಅವರು ಕೈ ಕೊಡಲಿಲ್ಲ.